ಹತ್ತಿಸುವುದು ಮೋಟರ್, ಇಳಿಸುವವರು ಯಾರು?

ಪ್ರಶ್ನೆ: ನನಗೆ 46 ವರ್ಷ, ತೂಕ 88 ಕೆಜಿ. ಮೊದಲು ಮಾಮೂಲಿ ಗೇರ್ ಸೈಕಲ್ ಓಡಿಸುತ್ತಿದ್ದೆ. ಎರಡು ವರ್ಷದಿಂದ ಬಲ ಮಂಡಿ ನೋವು. ಏರು ಬಂದರೆ ಇಳಿದು ತಳ್ಳಬೇಕು. ರಜೆಯ ದಿನ ಗುಡ್ಡದ ಮಣ್ಣು ದಾರಿ, ಕಲ್ಲು ದಾರಿಯಲ್ಲಿ ತಿರುಗಬೇಕು ಅಂತ ಆಸೆ ಮಾತ್ರ ಹೋಗಿಲ್ಲ. ಆನ್‌ಲೈನ್‌ನಲ್ಲಿ ಒಂದು ಎಲೆಕ್ಟ್ರಿಕ್ ಮೌಂಟನ್ ಬೈಕ್ (ಇ-ಎಂಟಿಬಿ) ನೋಡಿಟ್ಟಿದ್ದೇನೆ. ಹಿಂದಿನ ಚಕ್ರದಲ್ಲಿ 1000 ವ್ಯಾಟ್ ಪೀಕ್ ಮೋಟರ್, 48 ವೋಲ್ಟ್ 10 ಆಂಪಿಯರ್-ಅವರ್ ಬ್ಯಾಟರಿ, ಹಿಂದೆ ಮುಂದೆ ಸಸ್ಪೆನ್ಷನ್, ಡಿಸ್ಕ್ ಬ್ರೇಕ್, 7 ಗೇರ್, ತೂಕ 26 ಕೆಜಿ. ಒಂದು ಚಾರ್ಜಿಗೆ 100 ಕಿಮೀ ಅಂತ ಬರೆದಿದ್ದಾರೆ. ಬೆಲೆ ಹೆಸರಾಂತ ಕಂಪನಿಗಳ ಇ-ಎಂಟಿಬಿಯ ಮೂರನೇ ಒಂದು ಭಾಗ. ಒಬ್ಬ ಗೆಳೆಯ "ವ್ಯಾಟ್ ಜಾಸ್ತಿ ಇದೆ, ಯೋಚನೆ ಮಾಡದೆ ತಗೋ" ಅನ್ನುತ್ತಾನೆ. ಇನ್ನೊಬ್ಬ "ಅಗ್ಗದ ಬ್ಯಾಟರಿ, ಮನೆಗೆ ಬೆಂಕಿ ಬೀಳತ್ತೆ" ಅನ್ನುತ್ತಾನೆ. ಮನೆಯವರಿಗೂ ಅದೇ ಭಯ. ತಗೊಳ್ಳಲಾ, ಬೇಡವಾ?

ಉತ್ತರ: ನಿಮ್ಮ ಇಬ್ಬರು ಗೆಳೆಯರೂ ಮೋಟರ್ ಮತ್ತು ಬ್ಯಾಟರಿ ಬಗ್ಗೆ ಮಾತಾಡಿದ್ದಾರೆ. ನೀವೂ ಪ್ರಶ್ನೆಯಲ್ಲಿ ಮೊದಲು ಬರೆದಿರುವುದು ಅವೆರಡನ್ನೇ. ಬ್ರೇಕಿನ ಬಗ್ಗೆ ಇರುವುದು ಒಂದೇ ಪದ, "ಡಿಸ್ಕ್". ಜಾಹೀರಾತಿನಲ್ಲೂ ಅಷ್ಟೇ ಇರುತ್ತದೆ. ನನ್ನ ಕಳವಳ ಶುರುವಾಗುವುದು ಅಲ್ಲಿಂದ. ವರ್ಷಗಟ್ಟಲೆ ಸೈಕಲ್ ರಿಪೇರಿ ಮಾಡಿದವನಾಗಿ ಹೇಳುತ್ತೇನೆ, ಇಂಥ ಸೈಕಲ್ ಕೊಂಡವರು ನನ್ನ ಹತ್ತಿರ ಬಂದು "ಸರ್, ಗುಡ್ಡ ಹತ್ತಲಿಲ್ಲ" ಅಂದದ್ದು ಕಡಿಮೆ. "ಇಳಿಯುವಾಗ ನಿಲ್ಲಲಿಲ್ಲ" ಅಂದವರೇ ಜಾಸ್ತಿ.

ಒಂದು ಸಣ್ಣ ಲೆಕ್ಕ ಮಾಡೋಣ. ನೀವು 88 ಕೆಜಿ, ಸೈಕಲ್ 26, ನೀರು, ಚೀಲ, ಪಂಪು ಅಂತ ಇನ್ನೊಂದು 4. ಒಟ್ಟು 118 ಕೆಜಿ. ಇಷ್ಟು ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 32 ವ್ಯಾಟ್-ಅವರ್ ಶಕ್ತಿ ಬೇಕು. ಮೋಟರಿನಲ್ಲಿ ಒಂದಷ್ಟು ಬಿಸಿಯಾಗಿ ಸೋರಿ ಹೋಗುವುದರಿಂದ ಬ್ಯಾಟರಿಯಿಂದ 45ರ ಆಸುಪಾಸು ಖರ್ಚಾಗುತ್ತದೆ. ನೀವು ನೋಡಿಟ್ಟ ಬ್ಯಾಟರಿ 48 ಗುಣಿಸು 10, ಅಂದರೆ 480 ವ್ಯಾಟ್-ಅವರ್. ನೀವು ಕಾಲಿಗೆ ಕೆಲಸವನ್ನೇ ಕೊಡದೆ ಕೂತರೂ ಸುಮಾರು 1000 ಮೀಟರ್ ಎತ್ತರ ಹತ್ತಿಸುತ್ತದೆ. ಪರವಾಗಿಲ್ಲ, ಅಲ್ವಾ? ಈಗ ವಾಪಸ್ ಇಳಿಯಿರಿ. ಏರುವಾಗ ಪ್ರತಿ 100 ಮೀಟರಿಗೆ ತುಂಬಿಕೊಂಡ ಆ 32 ವ್ಯಾಟ್-ಅವರ್ ಎಲ್ಲಿಗೋ ಹೋಗಲೇಬೇಕು. ಕಡಿದಾದ ಕಲ್ಲು ದಾರಿಯಲ್ಲಿ ನಿಧಾನ ಇಳಿಯುವಾಗ ಗಾಳಿಗೆ ಹೋಗುವುದು ಸ್ವಲ್ಪ. ಉಳಿದದ್ದೆಲ್ಲ ಎರಡು ತೆಳ್ಳನೆಯ ಉಕ್ಕಿನ ತಟ್ಟೆಗಳಲ್ಲಿ ಬಿಸಿಯಾಗಿ ಹೋಗುತ್ತದೆ. ಪ್ರತಿ 100 ಮೀಟರ್ ಇಳಿಜಾರಿಗೂ ಒಂದು ದೊಡ್ಡ ಲೋಟ ನೀರು ಕುದಿಸುವಷ್ಟು ಬಿಸಿ ಅದು. ಆ ತಟ್ಟೆ ಎಷ್ಟು ದೊಡ್ಡದು, ಅದನ್ನು ಹಿಡಿಯುವ ಕ್ಯಾಲಿಪರ್ ಎಂಥದ್ದು ಎನ್ನುವುದೇ ಬ್ರೇಕಿನ ವಿಷಯ. ಬರೀ "ಡಿಸ್ಕ್" ಅಂದರೆ ಏನೂ ಹೇಳಿದಂತಾಗಲಿಲ್ಲ.

ಅಗ್ಗದ ಇ-ಎಂಟಿಬಿಗಳಲ್ಲಿ ಇರುವುದು ಸಾಮಾನ್ಯವಾಗಿ ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್, 160 ಮಿಮೀ ರೋಟರ್ (ಆ ಉಕ್ಕಿನ ತಟ್ಟೆ). ಸಮತಟ್ಟು ರಸ್ತೆಗೆ, ಹಗುರ ಸೈಕಲ್ಲಿಗೆ ಅದು ಸಾಕು. ಆದರೆ ಅಗ್ಗದ ಕ್ಯಾಲಿಪರ್‌ಗಳಲ್ಲಿ ಒಂದು ಪ್ಯಾಡ್ ಮಾತ್ರ ಅಲುಗಾಡುತ್ತದೆ, ಇನ್ನೊಂದು ನಿಂತಲ್ಲೇ ನಿಂತಿರುತ್ತದೆ. ಪ್ಯಾಡ್ ಸವೆದ ಹಾಗೆ ಲಿವರ್ ಹ್ಯಾಂಡಲ್ ಕಡೆಗೆ ಹತ್ತಿರ ಹತ್ತಿರ ಬರುತ್ತಾ ಹೋಗುತ್ತದೆ. ಬೆಳಗ್ಗೆ ಸರಿ ಇದ್ದ ಬ್ರೇಕ್ ಒಂದು ಉದ್ದನೆಯ ಇಳಿಜಾರಿನ ಕೊನೆಗೆ ಗ್ರಿಪ್ ಮುಟ್ಟುವಷ್ಟು ಸಡಿಲ ಆದದ್ದನ್ನು ನಾನೇ ನೋಡಿದ್ದೇನೆ. ಒಬ್ಬರು ತಂದ ಸೈಕಲ್ಲಿನ ಹಿಂದಿನ ರೋಟರ್ ನೀಲಿಗಟ್ಟಿತ್ತು. ಪ್ಯಾಡ್ ಬಿಚ್ಚಿದರೆ ಮೇಲ್ಮೈ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಉಗುರಲ್ಲಿ ಕೆರೆದರೂ ಪುಡಿ ಬರಲಿಲ್ಲ. ಅವರು "ಇನ್ನೂ ಪ್ಯಾಡ್ ದಪ್ಪ ಇದೆಯಲ್ಲಾ" ಅಂದರು. ದಪ್ಪ ಇತ್ತು, ಹಿಡಿಯುತ್ತಿರಲಿಲ್ಲ ಅಷ್ಟೇ.

ಆಯಿಲ್ ತುಂಬಿದ ಹೈಡ್ರಾಲಿಕ್ ಬ್ರೇಕಿನಲ್ಲಿ ಎರಡೂ ಪ್ಯಾಡ್ ಒಟ್ಟಿಗೆ ಬಂದು ಹಿಡಿಯುತ್ತವೆ, ಸವೆತಕ್ಕೆ ತಾನೇ ಹೊಂದಿಕೊಳ್ಳುತ್ತವೆ, ಒಂದು ಬೆರಳು ಸಾಕು. ನಿಮ್ಮ ತೂಕಕ್ಕೆ, ನೀವು ಹೇಳಿದ ದಾರಿಗೆ ಹೈಡ್ರಾಲಿಕ್ ಬೇಕು. ಮುಂದಿನ ರೋಟರ್ 180 ಮಿಮೀಗಿಂತ ಕಡಿಮೆ ಬೇಡ. ಈ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

"ಮೊದಲು ತಗೊಂಡು ಆಮೇಲೆ ಬ್ರೇಕ್ ಬದಲಾಯಿಸಿದರಾಯ್ತು" ಅಂತ ನಿಮಗೆ ಅನ್ನಿಸಬಹುದು. ಆಗುತ್ತದೆ, ಆದರೆ ಅದರಲ್ಲೊಂದು ತೊಡಕಿದೆ. ಇಂಥ ಅಗ್ಗದ ಇ-ಸೈಕಲ್‌ಗಳಲ್ಲಿ ಹೆಚ್ಚಿನವುಗಳ ಬ್ರೇಕ್ ಲಿವರ್ ಒಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಬ್ರೇಕ್ ಹಿಡಿದ ಕೂಡಲೇ ಮೋಟರ್ ನಿಲ್ಲಿಸುವುದು ಅದೇ. ಮಾಮೂಲಿ ಹೈಡ್ರಾಲಿಕ್ ಲಿವರ್ ಹಾಕಿದರೆ ಆ ಸ್ವಿಚ್ ಹೋಯಿತು. ಒಂದು ಕಡೆ ಮೋಟರ್ ಎಳೆಯುತ್ತಿದೆ, ಇನ್ನೊಂದು ಕಡೆ ನೀವು ಬ್ರೇಕ್ ಹಿಡಿದಿದ್ದೀರಿ, ಆ ಸ್ಥಿತಿ ಬೇಡ. ಸ್ವಿಚ್ ಇರುವ ಹೈಡ್ರಾಲಿಕ್ ಸೆಟ್ ಸಿಗುತ್ತದೆ, ಆದರೆ ಅದರ ಪ್ಲಗ್ ನಿಮ್ಮ ಕಂಟ್ರೋಲರಿಗೆ, ಅಂದರೆ ಮೋಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಗೆ, ಹೊಂದಬೇಕು. ಈ ಖರ್ಚು ಸೇರಿಸಿದ ಮೇಲೆ ಅದು ಎಷ್ಟು ಅಗ್ಗ ಅಂತ ಇನ್ನೊಮ್ಮೆ ನೋಡಿ.

ಈಗ ನಿಮ್ಮ ಮೊದಲ ಗೆಳೆಯನ ಮಾತಿಗೆ ಬರೋಣ. "1000 ವ್ಯಾಟ್ ಪೀಕ್" ಅಂದರೆ ಕೆಲವು ಸೆಕೆಂಡು ಮಾತ್ರ ಎಳೆಯಬಲ್ಲ ಶಕ್ತಿ. ಬಿಡದೆ ಕೊಡಬಲ್ಲ ಶಕ್ತಿ ಬೇರೆ, ಅದನ್ನು ರೇಟೆಡ್ ಅಥವಾ ಕಂಟಿನ್ಯೂಯಸ್ ಅನ್ನುತ್ತಾರೆ. ಯುರೋಪಿನಲ್ಲಿ ಸೈಕಲ್ ಅಂತ ಒಪ್ಪುವ ಮಿತಿ 250 ವ್ಯಾಟ್, ಅದೂ 25 ಕಿಮೀ ವೇಗಕ್ಕೆ ಮೋಟರ್ ನೆರವು ನಿಲ್ಲಬೇಕು. ಅಮೆರಿಕದಲ್ಲಿ 750 ವ್ಯಾಟ್ ತನಕ ಬಿಡುತ್ತಾರೆ. ನಿಮ್ಮಲ್ಲಿ ಎಷ್ಟು ಅಂತ ನೋಡಿಕೊಳ್ಳಿ, ಯಾಕೆಂದರೆ ಮಿತಿ ದಾಟಿದ ಗಾಡಿ ಸೈಕಲ್ ಅನ್ನಿಸಿಕೊಳ್ಳದೆ ಮೋಟರ್ ವಾಹನ ಆಗಿಬಿಡಬಹುದು. ಕಾಡಿನ ದಾರಿಗಳಿಗೆ ಬಿಡದೆಯೂ ಇರಬಹುದು. 250 ವ್ಯಾಟ್ ಕಡಿಮೆ ಅಂತಲೂ ಅಂದುಕೊಳ್ಳಬೇಡಿ. ಹವ್ಯಾಸಕ್ಕೆ ಸೈಕಲ್ ತುಳಿಯುವ ಒಬ್ಬರು ಒಂದು ಗಂಟೆ ಬಿಡದೆ ಕೊಡಬಲ್ಲದ್ದು 100ರಿಂದ 150 ವ್ಯಾಟ್. ಅದರ ಮೇಲೆ 250 ಸೇರಿದರೆ ಇನ್ನೂ ಎರಡು ಜೊತೆ ಕಾಲು ಬಂದ ಹಾಗೆ.

ವ್ಯಾಟಿಗಿಂತ ಮುಖ್ಯ, ಮೋಟರ್ ಎಲ್ಲಿ ಕೂತಿದೆ ಅನ್ನುವುದು. ಪೆಡಲ್ ಹತ್ತಿರ ಕೂತ ಮಿಡ್ ಮೋಟರ್ ಚೈನಿನ ಮೂಲಕ ಎಳೆಯುತ್ತದೆ. ನೀವು ಸಣ್ಣ ಗೇರಿಗೆ ಹಾಕಿದರೆ ಮೋಟರಿಗೂ ಹಗುರ ಆಗುತ್ತದೆ. ಹಿಂದಿನ ಚಕ್ರದ ಹಬ್ ಮೋಟರಿಗೆ ಆ ಸೌಕರ್ಯ ಇಲ್ಲ. ಚಕ್ರ ನಿಧಾನ ಆದರೆ ಅದೂ ನಿಧಾನ. ಕಡಿದಾದ ಏರಿನಲ್ಲಿ ವೇಗ 8-10 ಕಿಮೀಗಿಂತ ಕೆಳಗೆ ಬಿದ್ದರೆ ಬ್ಯಾಟರಿಯಿಂದ ಬಂದ ಕರೆಂಟಿನಲ್ಲಿ ದೊಡ್ಡ ಪಾಲು ತಿರುಗುವುದಕ್ಕೆ ಹೋಗುವುದಿಲ್ಲ, ಬಿಸಿಯಾಗುವುದಕ್ಕೆ ಹೋಗುತ್ತದೆ. ಒಮ್ಮೆ ಒಬ್ಬರು "ಕರಕರ ಸದ್ದು, ಮೋಟರ್ ತಿರುಗತ್ತೆ ಚಕ್ರ ತಿರುಗಲ್ಲ" ಅಂತ ತಂದಿದ್ದರು. ಮುಚ್ಚಳದ ಸ್ಕ್ರೂ ಬಿಚ್ಚುವಾಗಲೇ ಸುಟ್ಟ ವಾರ್ನಿಶ್ ವಾಸನೆ. ಒಳಗೆ ಮೂರು ನೈಲಾನ್ ಗೇರ್‌ಗಳು, ಹಲ್ಲು ಉದುರಿ ಕಪ್ಪು ಗ್ರೀಸಿನಲ್ಲಿ ಬಿಳಿ ಚೂರುಗಳಾಗಿ ಬಿದ್ದಿದ್ದವು. ಆ ಸೈಕಲ್ಲಿನ ಮೇಲೂ ದೊಡ್ಡ ಅಕ್ಷರದಲ್ಲಿ ಪೀಕ್ ವ್ಯಾಟ್ ಬರೆದಿತ್ತು.

ಹಾಗಂತ ಹಬ್ ಮೋಟರ್ ಕೆಟ್ಟದ್ದು ಅಂತಲ್ಲ. ಅಗಲವಾದ ಮಣ್ಣು ದಾರಿ, ಹದವಾದ ಏರು, ನಡುನಡುವೆ ಸಮತಟ್ಟು ಇದ್ದರೆ ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತದೆ. ಚೈನ್ ಕೂಡ ಕಡಿಮೆ ಸವೆಯುತ್ತದೆ. ಅದನ್ನು ಕಡಿದಾದ ಜಾಗದಲ್ಲಿ ತಿಣುಕಿಸಬಾರದು, ಅಷ್ಟೇ. ಒಂದು ಕಷ್ಟ ಮಾತ್ರ ಹೇಳಿಬಿಡುತ್ತೇನೆ. ಹಿಂದಿನ ಚಕ್ರ ಪಂಕ್ಚರ್ ಆದರೆ ಲಿವರ್ ತಿರುಗಿಸಿ ಚಕ್ರ ತೆಗೆಯುವ ಕತೆ ಇಲ್ಲಿಲ್ಲ. ಎರಡು ದಪ್ಪ ಆಕ್ಸಲ್ ನಟ್, ಅದರಡಿಯ ವಾಷರ್, ಕೇಬಲ್ ಕನೆಕ್ಟರ್, ಅದನ್ನು ಬಿಗಿದ ಪ್ಲಾಸ್ಟಿಕ್ ಟೈ, ಎಲ್ಲ ಬಿಚ್ಚಬೇಕು. ಹೆಚ್ಚಾಗಿ 18ರ ಸ್ಪ್ಯಾನರ್ ಬೇಕಾಗುತ್ತದೆ. ಅದು ಚೀಲದಲ್ಲಿ ಇಲ್ಲದೆ ಗುಡ್ಡಕ್ಕೆ ಹೊರಟರೆ 26 ಕೆಜಿ ತಳ್ಳಿಕೊಂಡು ಬರಬೇಕು.

100 ಕಿಮೀ ಮಾತು ಪೂರ್ತಿ ಸುಳ್ಳಲ್ಲ, ನಿಮಗೆ ಅನ್ವಯಿಸುವುದಿಲ್ಲ ಅಷ್ಟೇ. 480 ವ್ಯಾಟ್-ಅವರ್‌ನಲ್ಲಿ 100 ಕಿಮೀ ಹೋಗಬೇಕಾದರೆ ಕಿಲೋಮೀಟರಿಗೆ 5ಕ್ಕಿಂತ ಕಡಿಮೆ ಖರ್ಚಾಗಬೇಕು. ಹಗುರ ಮನುಷ್ಯ, ಚಪ್ಪಟೆ ರಸ್ತೆ, ಹಿಂದಿನಿಂದ ಗಾಳಿ, ಅತಿ ಕಡಿಮೆ ನೆರವು ಇದ್ದರೆ ಆದೀತು. ಮಣ್ಣು ದಾರಿ, ಏರು, ನಿಮ್ಮ ತೂಕ ಸೇರಿದರೆ ಕಿಲೋಮೀಟರಿಗೆ 15ರಿಂದ 20 ಹಿಡಿಯಿರಿ. 25-30 ಕಿಮೀ ಬರುತ್ತದೆ. ಇಳಿಯುವಾಗ ಬ್ಯಾಟರಿ ಮತ್ತೆ ಚಾರ್ಜ್ ಆಗುತ್ತದೆ ಅಂತ ಕೆಲವರು ನಂಬಿದ್ದಾರೆ. ಗೇರ್ ಇರುವ ಹಬ್ ಮೋಟರಿನಲ್ಲಿ ಒಂದೇ ಕಡೆ ಹಿಡಿಯುವ ಕ್ಲಚ್ ಇರುತ್ತದೆ, ಇಳಿಯುವಾಗ ಮೋಟರ್ ತಿರುಗುವುದೇ ಇಲ್ಲ. ಚಾರ್ಜ್ ಆಗುವ ಮಾತೆಲ್ಲಿ?

ಹಿಂದಿನ ಸಸ್ಪೆನ್ಷನ್ ಬಗ್ಗೆ ಒಂದೇ ಮಾತು: ಈ ಬೆಲೆಯಲ್ಲಿ ಬೇಡ. ಒಳ್ಳೆಯ ಶಾಕ್‌ನಲ್ಲಿ ಸ್ಪ್ರಿಂಗಿನ ಜೊತೆ ಅದರ ಕುಣಿತ ಹಿಡಿದು ನಿಲ್ಲಿಸುವ ಎಣ್ಣೆ ಇರುತ್ತದೆ. ಅಗ್ಗದ್ದರಲ್ಲಿ ಬರೀ ಸ್ಪ್ರಿಂಗ್. ಸೀಟನ್ನು ಒತ್ತಿ ಬಿಟ್ಟರೆ ಎರಡು ಮೂರು ಸಲ ಪುಟಿಯುತ್ತದೆ. ಕಲ್ಲಿನ ಇಳಿಜಾರಿನಲ್ಲಿ ಹಿಂದಿನ ಚಕ್ರವೂ ಹೀಗೇ ಪುಟಿದರೆ, ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಿಡಿದು ಏನು ಬಂತು? ತೂಕ ಬೇರೆ ಹೆಚ್ಚುತ್ತದೆ, ಕೀಲುಗಳು ಬೇಗ ಸಡಿಲ ಆಗುತ್ತವೆ. ಫೋಟೋದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ. ಮುಂದೆ ಮಾತ್ರ ಸಸ್ಪೆನ್ಷನ್ ಫೋರ್ಕ್ ಇರುವ ಹಾರ್ಡ್‌ಟೇಲ್ ತಗೊಂಡರೆ ಅದೇ ದುಡ್ಡು ಬ್ರೇಕಿಗೆ, ಚಕ್ರಕ್ಕೆ ಹೋಗುತ್ತದೆ.

ಕೊಳ್ಳುವ ಮೊದಲು ಮಾರುವವರಿಂದ ಮಾಲೀಕರ ಕೈಪಿಡಿ ತರಿಸಿಕೊಳ್ಳಿ. ಅದರಲ್ಲಿ, ಅಥವಾ ಫ್ರೇಮಿನ ಸ್ಟಿಕ್ಕರಿನಲ್ಲಿ, ಬಳಕೆಯ ದರ್ಜೆ ಬರೆದಿರುತ್ತಾರೆ. ಎಎಸ್‌ಟಿಎಂ ಎಫ್2043 ಎನ್ನುವ ಮಾನದಂಡದ ಪ್ರಕಾರ ದರ್ಜೆ 1 ಅಂದರೆ ಡಾಂಬರು ರಸ್ತೆ. 2 ಅಂದರೆ ಮಣ್ಣು ದಾರಿ, 15 ಸೆಂಮೀ ತನಕದ ಸಣ್ಣ ಇಳಿತ. 3 ಅಂದರೆ ಒರಟು ಗುಡ್ಡದಾರಿ, 61 ಸೆಂಮೀಗಿಂತ ಕಡಿಮೆ ಇಳಿತ. ಚಿತ್ರದಲ್ಲಿ ಬಂಡೆಯಿಂದ ಹಾರುತ್ತಿರುವ ಸೈಕಲ್ಲಿನ ಕೈಪಿಡಿಯಲ್ಲಿ "ಡಾಂಬರು ರಸ್ತೆಗೆ ಮಾತ್ರ" ಅಂತ ಓದಿ ನಕ್ಕಿದ್ದೇನೆ. ನಿಮಗೆ 2 ಸಾಕು, 3 ಇದ್ದರೆ ಒಳ್ಳೆಯದು. ಗರಿಷ್ಠ ಭಾರವನ್ನೂ ನೋಡಿ. ಅದು ಸವಾರನ ಭಾರವೋ, ಸೈಕಲ್ ಸೇರಿಸಿದ ಭಾರವೋ ಅಂತ ಕೇಳಿ. ನಿಮ್ಮ ಒಟ್ಟು 118, ಮಿತಿ 120 ಅಂದರೆ ಅಂಚಿನಲ್ಲಿದ್ದೀರಿ.

ಈಗ ಮನೆಯವರ ಭಯ. ಅದನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ನ್ಯೂಯಾರ್ಕ್ ನಗರ 2023ರಲ್ಲಿ ಯುಎಲ್ 2849 (ಇ-ಸೈಕಲ್ಲಿನ ವಿದ್ಯುತ್ ಸುರಕ್ಷತೆಯ ಮಾನದಂಡ) ಪ್ರಮಾಣಪತ್ರ ಇಲ್ಲದ ಇ-ಸೈಕಲ್ ಮಾರುವಂತಿಲ್ಲ ಅಂತ ಕಾನೂನು ಜಾರಿಗೆ ತಂದದ್ದು ಇದೇ ಕಾರಣಕ್ಕೆ. ಆದರೆ ಅಗ್ಗದ ಬ್ಯಾಟರಿ ಎಲ್ಲವೂ ಉರಿಯುತ್ತದೆ ಅನ್ನುವುದೂ ತಪ್ಪು. ಅಪಾಯ ಬರುವ ದಾರಿಗಳು ಗೊತ್ತಿರುವಂಥವೇ: ಕಳಪೆ ಸೆಲ್, ಕಳಪೆ ರಕ್ಷಣಾ ಬೋರ್ಡ್, ಒಳಗೆ ನೀರು, ಬಿದ್ದು ಪೆಟ್ಟಾದದ್ದು, ಅರ್ಧಂಬರ್ಧ ರಿಪೇರಿ, ಮತ್ತು ಜನ ಅತಿ ಹಗುರವಾಗಿ ನೋಡುವ ಬೇರೆ ಚಾರ್ಜರ್.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಲಿಥಿಯಂ-ಅಯಾನ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 48 ವೋಲ್ಟ್ ಬ್ಯಾಟರಿಯಲ್ಲಿ ಸಾಲಾಗಿ 13 ಸೆಲ್ ಇರುತ್ತವೆ, ಹಾಗಾಗಿ ಅದರ ಚಾರ್ಜರ್ 54.6 ವೋಲ್ಟಿಗೆ ನಿಲ್ಲುತ್ತದೆ. 52 ವೋಲ್ಟಿನದ್ದರಲ್ಲಿ 14 ಸೆಲ್, ಚಾರ್ಜರ್ 58.8. ಎರಡರ ಪ್ಲಗ್ ಒಂದೇ ತರಹ ಇರಬಹುದು. ಗೆಳೆಯನ 52 ವೋಲ್ಟ್ ಚಾರ್ಜರನ್ನು ನಿಮ್ಮದಕ್ಕೆ ಚುಚ್ಚಿದರೆ ಒಂದೊಂದು ಸೆಲ್ಲಿಗೂ ತಡೆಯಲಾಗದಷ್ಟು ವೋಲ್ಟ್ ಹೋಗುತ್ತದೆ. ರಕ್ಷಣಾ ಬೋರ್ಡ್ ತಡೆಯಬೇಕು, ನಿಜ. ಕಳಪೆ ಬ್ಯಾಟರಿಯಲ್ಲಿ ಅದೇ ಕೈಕೊಟ್ಟರೆ? ನಿಮ್ಮ ಚಾರ್ಜರಿನ ಮೇಲೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಡಿ.

ಚಾರ್ಜಿಗೆ ಹಾಕಿ ಮಲಗಬೇಡಿ. ಬಾಗಿಲ ದಾರಿಯಲ್ಲಿ, ಮೆಟ್ಟಿಲ ಕೆಳಗೆ ಇಡಬೇಡಿ, ಏನಾದರೂ ಆದರೆ ಓಡಬೇಕಾದ ದಾರಿ ಅದೇ. ಸುಡುಬಿಸಿಲಲ್ಲಿ ಸುತ್ತಿ ಬಂದ ತಕ್ಷಣ ಬೇಡ, ಬ್ಯಾಟರಿ ತಣ್ಣಗಾಗಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. ಉಬ್ಬಿದರೆ, ವಾಸನೆ ಬಂದರೆ, ಹಿಂದಿಗಿಂತ ಜಾಸ್ತಿ ಬಿಸಿಯಾದರೆ ಅದರ ಕೆಲಸ ಮುಗಿಯಿತು ಅಂತ ತಿಳಿಯಿರಿ.

ನಿಮ್ಮ ಮಂಡಿಗೆ ಸಂಬಂಧಿಸಿದ ಒಂದು ವಿಷಯವನ್ನು ಯಾರೂ ಹೇಳಿರಲಿಕ್ಕಿಲ್ಲ. ಅಗ್ಗದ ಸೈಕಲ್‌ಗಳಲ್ಲಿ ಕೇಡೆನ್ಸ್ ಸೆನ್ಸರ್ ಇರುತ್ತದೆ. ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಂತ ಮಾತ್ರ ಅದಕ್ಕೆ ಗೊತ್ತು, ನೀವು ಎಷ್ಟು ಒತ್ತುತ್ತಿದ್ದೀರಿ ಅಂತ ಗೊತ್ತಿಲ್ಲ. ಏರಿನ ನಡುವೆ ನಿಂತು ಮತ್ತೆ ಹೊರಟರೆ ಮೊದಲ ಅರ್ಧ ಸುತ್ತು ಪೂರ್ತಿ ನಿಮ್ಮ ಮಂಡಿಯದ್ದೇ. ಅತಿ ಭಾರ ಬೀಳುವುದೂ ಅಲ್ಲೇ. ಆಮೇಲೆ ಮೋಟರ್ ಧಡಕ್ಕನೆ ಎಳೆಯುತ್ತದೆ. ಟಾರ್ಕ್ ಸೆನ್ಸರ್ ಕಾಲಿನ ಒತ್ತಡ ಅಳೆದು ಅದಕ್ಕೆ ತಕ್ಕಂತೆ ಕೂಡಲೇ ಸೇರಿಕೊಳ್ಳುತ್ತದೆ. ಮಂಡಿ ನೋವಿದ್ದವರಿಗೆ 1000 ವ್ಯಾಟಿಗಿಂತ ಇದು ದೊಡ್ಡ ಉಪಕಾರ. ಈಗ ಕೆಲವು ಅಗ್ಗದ ಹಬ್ ಮೋಟರ್ ಸೈಕಲ್‌ಗಳಲ್ಲೂ ಸಿಗುತ್ತದೆ, ಹುಡುಕಿ. ಕೇಡೆನ್ಸ್ ಸೆನ್ಸರೇ ಆದರೆ ನಿಲ್ಲುವ ಮೊದಲೇ ಸಣ್ಣ ಗೇರಿಗೆ ಬನ್ನಿ.

ಹಾಗಾದರೆ ಏನು ಮಾಡಬಹುದು? ನೀವು ನೋಡಿಟ್ಟದ್ದನ್ನು ಇದ್ದ ಹಾಗೇ ಗುಡ್ಡಕ್ಕೆ ಕೊಳ್ಳಬೇಡಿ. ಅದೇ ಬೆಲೆಯಲ್ಲಿ ಹೈಡ್ರಾಲಿಕ್ ಬ್ರೇಕಿನ ಹಾರ್ಡ್‌ಟೇಲ್, 250 ವ್ಯಾಟ್ ಹಬ್ ಮೋಟರ್, ಬೇಕಾದರೆ ಸ್ವಲ್ಪ ಸಣ್ಣ ಬ್ಯಾಟರಿ, ಇಂಥದ್ದು ಸಿಕ್ಕರೆ ನನ್ನ ಮತ ಅದಕ್ಕೇ. ಕಡಿದಾದ ಏರು ಬಂದರೆ ಇಳಿದು, ಆರು ಕಿಮೀ ವೇಗದಲ್ಲಿ ತಾನೇ ನಡೆಯುವ ವಾಕ್ ಮೋಡ್ ಒತ್ತಿ. ಅದರಲ್ಲೇನೂ ನಾಚಿಕೆ ಇಲ್ಲ.

ಎರಡನೇ ದಾರಿ, ಬಳಸಿದ ಮಿಡ್ ಮೋಟರ್ ಸೈಕಲ್. ಓಡಿಸಲು ಇದರಷ್ಟು ಸೊಗಸು ಬೇರೆ ಇಲ್ಲ, ಜೂಜೂ ಇದರಷ್ಟು ಬೇರೆ ಇಲ್ಲ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 500ರಿಂದ 800 ಪೂರ್ತಿ ಚಾರ್ಜ್ ಆದ ಮೇಲೆ ಸೊರಗುತ್ತದೆ, ಬಳಸದೆ ಇಟ್ಟರೂ ವಯಸ್ಸಾಗುತ್ತದೆ. ಹೊಸ ಬ್ಯಾಟರಿ ಬೆಲೆ ಕೇಳಿದರೆ ಮೂಗಿಗಿಂತ ಮೂಗುತಿ ಭಾರ ಅನ್ನಿಸಬಹುದು. ಕಂಪನಿಯ ಡೀಲರ್ ಹತ್ತಿರ ಕಂಪ್ಯೂಟರ್ ಜೋಡಿಸಿ ಬ್ಯಾಟರಿ ಎಷ್ಟು ಉಳಿದಿದೆ ಅಂತ ನೋಡಿಸದೆ ದುಡ್ಡು ಕೊಡಬೇಡಿ. ನಿಮ್ಮ ಹಳೇ ಗೇರ್ ಸೈಕಲ್ಲಿಗೇ ಮೋಟರ್ ಕಿಟ್ ಹಾಕಿಸುವ ಆಲೋಚನೆ ಬಂದರೆ, ಫ್ರೇಮ್ ಉಕ್ಕಿನದ್ದಾದರೆ ಒಳ್ಳೆಯದು. ಹಬ್ ಮೋಟರ್ ಆದರೆ ಆಕ್ಸಲ್ ತಿರುಗದಂತೆ ಟಾರ್ಕ್ ಆರ್ಮ್ ಕಡ್ಡಾಯ. ಇಲ್ಲದಿದ್ದರೆ ಆಕ್ಸಲ್ ಫ್ರೇಮಿನ ಕಚ್ಚನ್ನೇ ಅಗಲ ಮಾಡಿ ಹೊರಗೆ ಬರಬಹುದು.

ಮಾರುವವರಿಗೆ ಒಂದು ಸಂದೇಶ ಕಳಿಸಿ. ಬ್ರೇಕಿನ ಮಾಡೆಲ್ ಯಾವುದು, ರೋಟರ್ ಎಷ್ಟು ಮಿಮೀ, ಸೆಲ್ ಯಾರು ತಯಾರಿಸಿದ್ದು, ಇಎನ್ 15194 (ಯುರೋಪಿನ ಇ-ಸೈಕಲ್ ಮಾನದಂಡ) ಅಥವಾ ಯುಎಲ್ 2849 ಪ್ರಮಾಣಪತ್ರದ ಪ್ರತಿ ಕೊಡುತ್ತೀರಾ, ಮೂರು ವರ್ಷ ಬಿಟ್ಟು ಇದೇ ಬ್ಯಾಟರಿ ಸಿಗುತ್ತದಾ. "ಉತ್ತಮ ಗುಣಮಟ್ಟದ ಬ್ರೇಕ್ ಸರ್" ಅಂತ ಉತ್ತರ ಬಂದರೆ ಆ ಪುಟ ಮುಚ್ಚಿಬಿಡಿ. ನಿಮ್ಮ ಹತ್ತಿರದ ರಿಪೇರಿಯವರನ್ನೂ ಮೊದಲೇ ಕೇಳಿ. ಆನ್‌ಲೈನ್ ಇ-ಸೈಕಲ್ ಮುಟ್ಟುವುದಿಲ್ಲ ಅನ್ನುವವರು ಬಹಳ ಇದ್ದಾರೆ. ಅವರನ್ನು ದೂರಬೇಡಿ, ಗೊತ್ತಿಲ್ಲದ ಬ್ಯಾಟರಿಯನ್ನು ಅಂಗಡಿಯೊಳಗೆ ಇಟ್ಟುಕೊಳ್ಳಲು ಯಾರಿಗೂ ಧೈರ್ಯ ಬರುವುದಿಲ್ಲ.

ಪೆಟ್ಟಿಗೆ ಮನೆಗೆ ಬಂತು ಅಂದುಕೊಳ್ಳಿ. ಜೋಡಿಸುವಾಗ ಆಗುವ ದೊಡ್ಡ ತಪ್ಪು ಫೋರ್ಕನ್ನು ಹಿಂದುಮುಂದು ಕೂರಿಸುವುದು. ನಗಬೇಡಿ, ಹಾಗೆ ಕೂರಿಸಿಕೊಂಡೇ ಓಡಿಸಿಕೊಂಡು ಬಂದವರಿದ್ದಾರೆ. ಸೀಟಿನಲ್ಲಿ ಕೂತಾಗ ಮುಂದಿನ ಬ್ರೇಕ್ ಕ್ಯಾಲಿಪರ್ ನಿಮ್ಮ ಎಡಕ್ಕೆ, ಫೋರ್ಕಿನ ಹಿಂಬದಿಗೆ ಇರಬೇಕು. ಎಡ ಪೆಡಲ್ ಉಲ್ಟಾ ತಿರುವಿನದ್ದು. ಅದನ್ನು ಬಲವಂತವಾಗಿ ಬಲಕ್ಕೆ ತಿರುಗಿಸಿ ಕ್ರ್ಯಾಂಕಿನ (ಪೆಡಲ್ ಕೂರುವ ಕೋಲಿನ) ಥ್ರೆಡ್ ಕೆಡಿಸಬೇಡಿ. ರೋಟರಿಗೆ ಗ್ರೀಸ್ ಕೈ ತಾಗಿಸಬೇಡಿ. ಹೊಸ ಪ್ಯಾಡ್ ಹಿಡಿಯುವಂತಾಗಲು ಸಮತಟ್ಟು ಜಾಗದಲ್ಲಿ ಇಪ್ಪತ್ತು ಮೂವತ್ತು ಸಲ ವೇಗ ತಗೊಂಡು, ಮೆಲ್ಲಗೆ ಬ್ರೇಕ್ ಹಿಡಿದು ನಿಧಾನ ಮಾಡಿ. ಗುಡ್ಡಕ್ಕೆ ಹೋಗುವುದು ಆಮೇಲೆ. ಸುಮಾರು 100 ಕಿಮೀ ಓಡಿದ ಮೇಲೆ ಹಿಂದಿನ ಚಕ್ರದ ಕಡ್ಡಿಗಳನ್ನು ಒಮ್ಮೆ ಬಿಗಿ ಮಾಡಿಸಿ, ಮೋಟರಿನ ಭಾರಕ್ಕೆ ಅವು ಸಡಿಲ ಆಗಿರುತ್ತವೆ.

ಇನ್ನೊಂದು, ಆ ಪೆಟ್ಟಿಗೆ ಮತ್ತು ಒಳಗಿನ ಥರ್ಮಾಕೋಲನ್ನು ವಾಪಸಾತಿ ಅವಧಿ ಮುಗಿಯುವ ತನಕ ಎಸೆಯಬೇಡಿ. ಸಾಗಾಟದ ನಿಯಮದಲ್ಲಿ ಲಿಥಿಯಂ ಬ್ಯಾಟರಿ 9ನೇ ವರ್ಗದ ಅಪಾಯಕಾರಿ ಸರಕು. ಅಪಾಯದ ಗುರುತು ಅಂಟಿಸಿದ ಮೂಲ ಪೆಟ್ಟಿಗೆ ಇಲ್ಲದಿದ್ದರೆ ಕೊರಿಯರಿನವರು ಅದನ್ನು ಮುಟ್ಟದೆಯೂ ಇರಬಹುದು, ಮಾರಿದವರು "ಕಳಿಸಿ ಸರ್, ದುಡ್ಡು ಕೊಡ್ತೀವಿ" ಅನ್ನುತ್ತಲೇ ಇರುತ್ತಾರೆ.